ಪುತ್ತೂರು, ಸುಳ್ಯ, ಕಡಬದಿಂದ ಬೆಂಗಳೂರಿಗೆ ವಿಮಾನದಲ್ಲಿ ಹೋದರೆ ಬೇಗವೇ?

"ಮಂಗಳೂರು–ಬೆಂಗಳೂರು 300 ಕಿ.ಮೀ., ವಿಮಾನದಲ್ಲಿ ಒಂದೇ ಗಂಟೆ." ಇದನ್ನು ನಂಬಿ, ಬೆಳಗ್ಗಿನ ಸಂದರ್ಶನಕ್ಕೋ ಆಸ್ಪತ್ರೆಯ ಅಪಾಯಿಂಟ್‌ಮೆಂಟ್‌ಗೋ ರಾತ್ರಿ ಬಸ್ ಬಿಟ್ಟು ವಿಮಾನದ ಟಿಕೆಟ್ ಮಾಡುವ ಮುನ್ನ ಪೂರ್ತಿ ಲೆಕ್ಕ ನೋಡಿ.

300 ಕಿ.ಮೀ. ಯಾವ ದೂರ?

ನಕ್ಷೆಯಲ್ಲಿ ನೇರ ಗೆರೆ ಎಳೆದರೆ ಸಿಗುವ ದೂರ. ಶಿರಾಡಿ ಘಾಟಿ ರಸ್ತೆಯಲ್ಲಿ ಸುಮಾರು 350 ಕಿ.ಮೀ. ಆಗುತ್ತದೆ. ಒಂದು ಗಂಟೆ ಎಂಬುದು ಹಾರಾಟದ ಅವಧಿ ಮಾತ್ರ.

ಮನೆಯಿಂದ ಎಷ್ಟು?

ಬಜಪೆ ವಿಮಾನ ನಿಲ್ದಾಣಕ್ಕೆ ಹೋಗುವ ಪುತ್ತೂರಿನವರು ಮೊದಲು ಬೆಂಗಳೂರಿಗೆ ಬೆನ್ನು ಹಾಕಿ ಪ್ರಯಾಣಿಸಬೇಕು.

- ಪುತ್ತೂರು–ಬಜಪೆ: ಸುಮಾರು ಒಂದೂವರೆ ಗಂಟೆ
- ಚೆಕ್-ಇನ್, ತಪಾಸಣೆ: ಎರಡು ಗಂಟೆ
- ಹಾರಾಟ: ಒಂದು ಗಂಟೆ
- ಬ್ಯಾಗ್ ಪಡೆದು ಹೊರಬರಲು: ಅರ್ಧ ಗಂಟೆ
- ದೇವನಹಳ್ಳಿ–ಮೆಜೆಸ್ಟಿಕ್: ಕನಿಷ್ಠ ಒಂದು ಗಂಟೆ

ಒಟ್ಟು ಆರು ಗಂಟೆ. ಬಸ್ಸಿಗೆ ಸುಮಾರು ಏಳು ಗಂಟೆ. ಸುಳ್ಯದವರಿಗೆ ಬಜಪೆ ಇನ್ನಷ್ಟು ದೂರ, ಹಾಗಾಗಿ ಉಳಿತಾಯ ಬಹುತೇಕ ಇಲ್ಲ. ಕಡಬದವರಿಗೆ ನೆಟ್ಟಣದ ಸುಬ್ರಹ್ಮಣ್ಯ ರೋಡ್ ನಿಲ್ದಾಣದಿಂದ ರೈಲೂ ಇದೆ.

ವಿಮಾನ ಯಾವಾಗ ಉಪಯೋಗ?

ಘಾಟಿ ಮುಚ್ಚಿದಾಗ. 2018ರ ಆಗಸ್ಟ್‌ನಲ್ಲಿ ಸಂಪಾಜೆ–ಮಡಿಕೇರಿ ರಸ್ತೆ, 2024ರ ಜುಲೈನಲ್ಲಿ ಶಿರಾಡಿ ರಸ್ತೆ ಮತ್ತು ರೈಲು ಮಾರ್ಗ ಭೂಕುಸಿತದಿಂದ ಬಂದ್ ಆಗಿದ್ದವು. ಆದರೆ ಜೋರು ಮಳೆ, ಮೋಡವಿದ್ದರೆ ಮಂಗಳೂರಿನ ವಿಮಾನಗಳೂ ತಡವಾಗುತ್ತವೆ.

ಹಾಗಾದರೆ ಸತ್ಯವೇನು?

"ಒಂದೇ ಗಂಟೆ" ಸುಳ್ಳಲ್ಲ, ಅರ್ಧ ಸತ್ಯ. ಫಾರ್ವರ್ಡ್ ಮಾಡುವಾಗ ಮನೆಬಾಗಿಲಿನಿಂದ ತಲುಪುವ ಜಾಗದವರೆಗಿನ ಸಮಯವನ್ನೂ ಸೇರಿಸಿ ಕಳಿಸಿ.