ಹರಿದ ಹಿಮ್ಮಡಿ ಮತ್ತು ಹಿಮದ ಇಳಿಜಾರು



ಬೋರ್ಡೋ ದ್ರಾವಣ, ಗೊಬ್ಬರದ ದಾಸ್ತಾನು, ಸಾಲದ ಕಂತು, ಈ ಪುಟದಲ್ಲಿ ಸಾಮಾನ್ಯವಾಗಿ ನಾನು ಬರೆಯುವುದು ಇಂಥ ವಿಚಾರಗಳನ್ನು. ಈ ಸಲ ಹಿಮದ ಮೇಲೆ ಜಾರುವ ನಾರ್ವೆ ದೇಶದ ಆಟಗಾರನೊಬ್ಬನ ವಿಚಾರ ಬರೆಯಹೊರಟಿದ್ದೇನೆ. ಕಾರ್ಯದರ್ಶಿಗೆ ಬೇರೆ ಕೆಲಸವಿಲ್ಲವೇ ಎನ್ನುವವರು ದಯಮಾಡಿ ಕೊನೆಯವರೆಗೆ ಓದಬೇಕು. ಇಳಿಜಾರಿನಲ್ಲಿ ದುಡಿಯುವ ನಮಗೆಲ್ಲ ಇದು ಸಂಬಂಧಪಟ್ಟದ್ದೇ.

ಕಳೆದ ವರ್ಷ ಅಡಿಕೆ ಕೊಯ್ಲಿನ ಸಮಯದಲ್ಲಿ ತೋಟದ ಬಸಿಗಾಲುವೆಯನ್ನು ಹಾರಿ ದಾಟುವಾಗ, ಎಡಗಾಲಿನ ಹಿಂದೆ ಒಣಹಾಳೆ ಮುರಿದಂಥ ಸದ್ದಾಯಿತು. ಯಾರೋ ಕಲ್ಲು ಬೀಸಿದರೆಂದು ತಿರುಗಿ ನೋಡಿದೆ, ಯಾರೂ ಇರಲಿಲ್ಲ. ಕುಂಟುತ್ತ ಮನೆಗೆ ಬಂದೆ. ನಡೆಯಲು ಬರುತ್ತದಲ್ಲ, ಉಳುಕಿರಬೇಕು ಎಂದುಕೊಂಡು 12 ದಿನ ಎಣ್ಣೆ ತಿಕ್ಕಿಸಿಕೊಂಡೆ. 13ನೆಯ ದಿನ ಪಟ್ಟಣದ ಮೂಳೆ ವೈದ್ಯರು ನನ್ನನ್ನು ಬೋರಲು ಮಲಗಿಸಿ ಮೀನಖಂಡವನ್ನು ಹಿಂಡಿ ನೋಡಿದರು. ಬಲಗಾಲನ್ನು ಹಿಂಡಿದಾಗ ಪಾದ ತಾನಾಗಿ ಬಾಗಿತು. ಎಡಗಾಲಿನ ಪಾದ ಅಲುಗಲೇ ಇಲ್ಲ. ಹಿಮ್ಮಡಿಯ ರಜ್ಜು ಪೂರ್ತಿ ಹರಿದಿದೆ ಎಂದರು.

ಇದು ನರವಲ್ಲ, ಹಗ್ಗ

ನಾವು ಹಿಮ್ಮಡಿಯ ನರವೆಂದು ಕರೆಯುವುದು ವಾಸ್ತವವಾಗಿ ನರವಲ್ಲ. ಅದು ಮೀನಖಂಡದ ಮಾಂಸಖಂಡಗಳನ್ನು ಹಿಮ್ಮಡಿಯ ಮೂಳೆಗೆ ಕಟ್ಟಿರುವ ಸ್ನಾಯುರಜ್ಜು. ವೈದ್ಯರು ಇದನ್ನು ಅಕಿಲಿಸ್ ರಜ್ಜು ಎನ್ನುತ್ತಾರೆ. ದೇಹದ ರಜ್ಜುಗಳಲ್ಲೆಲ್ಲ ಇದೇ ಅತ್ಯಂತ ದಪ್ಪ, ಅತ್ಯಂತ ಬಲಿಷ್ಠ. ಓಡುವಾಗ, ಹಾರುವಾಗ ನಮ್ಮ ತೂಕದ ಹಲವು ಪಟ್ಟು ಭಾರ ಇದರ ಮೇಲೆ ಬೀಳುತ್ತದೆ. ಆದರೆ ಹಿಮ್ಮಡಿಗಿಂತ 2ರಿಂದ 6 ಸೆಂಟಿಮೀಟರ್ ಮೇಲಿನ ಭಾಗಕ್ಕೆ ರಕ್ತದ ಪೂರೈಕೆ ಕಡಿಮೆ. ಹೆಚ್ಚಾಗಿ ಹರಿಯುವುದು ಅಲ್ಲಿಯೇ, ಹರಿದ ಮೇಲೆ ಮಾಗಲು ತಡವಾಗುವುದೂ ಅಲ್ಲಿಯೇ. ರಜ್ಜು ಹರಿದರೂ ಬೇರೆ ಸ್ನಾಯುಗಳು ಪಾದವನ್ನು ಅಷ್ಟಿಷ್ಟು ಆಡಿಸುವುದರಿಂದ ಮನುಷ್ಯ ಕುಂಟುತ್ತಲಾದರೂ ನಡೆಯಬಲ್ಲ. ನಾನು ಮೋಸ ಹೋದದ್ದು ಇಲ್ಲಿ.

ಶಸ್ತ್ರಚಿಕಿತ್ಸೆಯಾಯಿತು. ಪಾದದ ತುದಿ ಕೆಳಮುಖವಾಗಿರುವಂತೆ ಪಟ್ಟಿ ಹಾಕಿದರು, ಆಮೇಲೆ ಬೂಟು ಕೊಟ್ಟರು. ಶಿವರಾತ್ರಿಯ ಹೊತ್ತಿಗೆ ತೋಟಕ್ಕೆ ಇಳಿಯಬಹುದೇ ಎಂದು ವ್ಯಾಯಾಮ ಕಲಿಸುವ ಯುವಕನನ್ನು ಕೇಳಿದೆ. ಆತ ಉತ್ತರ ಹೇಳದೆ ತನ್ನ ಫೋನಿನಲ್ಲಿ ಹಿಮದ ಬೆಟ್ಟದಿಂದ ಧುಮುಕಿ ಬರುತ್ತಿದ್ದ ಒಬ್ಬನ ಚಿತ್ರ ತೋರಿಸಿದ.

ಸ್ವಿಂಡಾಲನ ಕಥೆ

ಆತ ಆಕ್ಸೆಲ್ ಲುಂಡ್ ಸ್ವಿಂಡಾಲ್. 1982ರಲ್ಲಿ ಹುಟ್ಟಿದವನು, 2010ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದವನು. ಅವನ ಆಟ ಸ್ಕೀಯಿಂಗ್, ಅಂದರೆ ಎರಡು ಉದ್ದನೆಯ ಪಟ್ಟಿಗಳ ಮೇಲೆ ನಿಂತು ಹಿಮದ ಇಳಿಜಾರಿನಲ್ಲಿ ಜಾರುವುದು. ಅದರಲ್ಲಿ ಡೌನ್‌ಹಿಲ್ ಎಂಬ ಸ್ಪರ್ಧೆಯಲ್ಲಿ ವೇಗ ಗಂಟೆಗೆ 100 ಕಿಲೋಮೀಟರನ್ನು ಸಲೀಸಾಗಿ ದಾಟುತ್ತದೆ.

ಇಂಥವನ ಅಕಿಲಿಸ್ ರಜ್ಜು ಹರಿದದ್ದು ಆ ವೇಗದಲ್ಲಲ್ಲ. 2014ರ ಅಕ್ಟೋಬರ್‌ನಲ್ಲಿ, ಆಸ್ಟ್ರಿಯಾದ ಸೋಲ್ಡನ್ನಿನಲ್ಲಿ ಋತುವಿನ ಮೊದಲ ಸ್ಪರ್ಧೆಗೆ ಕೆಲವೇ ದಿನಗಳಿರುವಾಗ, ಹೊತ್ತು ಕಳೆಯಲು ಕಾಲ್ಚೆಂಡು ಆಡುತ್ತಿದ್ದಾಗ ಹರಿಯಿತು. ನನಗೂ ಹಾಗೆಯೇ. ಮೂವತ್ತು ವರ್ಷ ಗುಡ್ಡ ಹತ್ತಿ ಇಳಿದವನನ್ನು ಕೆಡವಿದ್ದು ಒಂದು ಮಾರಗಲದ ಕಾಲುವೆ.

ಆ ಋತುವಿನ ವಿಶ್ವಕಪ್ ಸ್ಪರ್ಧೆಗಳು ಅವನ ಕೈತಪ್ಪಿದವು. ಆದರೂ 2015ರ ಫೆಬ್ರವರಿಯಲ್ಲಿ, ಮೂರೂವರೆ ತಿಂಗಳ ನಂತರ, ಅಮೆರಿಕದ ಬೀವರ್ ಕ್ರೀಕ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಇಳಿದು ಸೂಪರ್-ಜಿ ಮತ್ತು ಡೌನ್‌ಹಿಲ್ ಎರಡರಲ್ಲೂ 6ನೆಯ ಸ್ಥಾನ ಪಡೆದ.

ಇದನ್ನು ಕೇಳಿ ನಾನು ಹಿಗ್ಗಿದೆ. ಅವನಿಗೆ ಮೂರೂವರೆ ತಿಂಗಳು ಸಾಕಾದರೆ, ನನ್ನ ರೋಬಸ್ಟಾಕ್ಕೆ ನೀರು ಹಾಯಿಸಲು ಮೂರು ತಿಂಗಳು ಸಾಲದೇ? 11ನೆಯ ವಾರದಲ್ಲಿ ಮನೆಯವರ ಕಣ್ಣು ತಪ್ಪಿಸಿ ಸ್ಪ್ರಿಂಕ್ಲರ್ ಪೈಪು ಎಳೆಯಲು ಇಳಿದೆ. ಸಂಜೆಗೆ ಕಾಲು ಹಲಸಿನ ತೊಳೆಯಂತೆ ಊದಿತು. ಗಳಿಸಿದ್ದ ಬಲದಲ್ಲಿ ಮೂರು ವಾರದ್ದನ್ನು ಕಳೆದುಕೊಂಡೆ. ರಜ್ಜು ಮತ್ತೆ ಹರಿಯಲಿಲ್ಲವೆಂಬುದೇ ನನ್ನ ಪುಣ್ಯ.

ಬೂಟಿನ ಗುಟ್ಟು

ಯುವಕ ಗದರಿಸಿ ವಿವರಿಸಿದ. ಸ್ಕೀಯಿಂಗ್ ಬೂಟು ಗಟ್ಟಿ ಪ್ಲಾಸ್ಟಿಕ್ಕಿನದು. ಅದು ಮೀನಖಂಡದ ನಡುಭಾಗದವರೆಗೂ ಏರಿ ಪಾದದ ಗಂಟನ್ನು ಬಿಗಿಯಾಗಿ ಹಿಡಿದಿಡುತ್ತದೆ. ಜಾರುವವನು ಓಡುವವನಂತೆ ಬೆರಳ ತುದಿಯಿಂದ ನೆಲವನ್ನು ಒದ್ದು ನೆಗೆಯಬೇಕಾಗಿಲ್ಲ. ಭಾರವನ್ನು ತೊಡೆಯೂ ಮೊಣಕಾಲೂ ಬೂಟಿನ ಗೋಡೆಯೂ ಬಹುಮಟ್ಟಿಗೆ ಹೊರುತ್ತವೆ. ಆದುದರಿಂದ ಅಕಿಲಿಸ್ ಹರಿದವನು ಕಾಲ್ಚೆಂಡಿಗೆ ಮರಳುವ ಮುಂಚೆಯೇ ಹಿಮಕ್ಕೆ ಮರಳುವುದು ಸಾಧ್ಯವಾಗಬಹುದು. ಚಪ್ಪಲಿ ಮೆಟ್ಟಿ, ದರಗು ಮುಚ್ಚಿದ ಜಾರು ನೆಲದಲ್ಲಿ ಹೊರೆ ಹೊತ್ತು ಇಳಿಯುವ ನಮಗೆ ಆ ಗೋಡೆಯಿಲ್ಲ. ರಜ್ಜಿನ ಮಟ್ಟಿಗೆ ಹೇಳುವುದಾದರೆ ನಮ್ಮ ತೋಟವೇ ಅವನ ಬೆಟ್ಟಕ್ಕಿಂತ ಕಠಿಣ.

ಇನ್ನೊಂದು ಮಾತನ್ನೂ ಗಮನಿಸಬೇಕು. ಸ್ವಿಂಡಾಲ್ ಮತ್ತೆ ಗೆಲ್ಲತೊಡಗಿದ್ದು ಆ ಫೆಬ್ರವರಿಯಲ್ಲಲ್ಲ. ಗಾಯವಾಗಿ ಒಂದು ವರ್ಷ ಕಳೆದ ಮೇಲೆ, 2015ರ ನವೆಂಬರ್‌ನಲ್ಲಿ, ಕೆನಡಾದ ಲೇಕ್ ಲೂಯಿಸ್‌ನಲ್ಲಿ ಎರಡೂ ಸ್ಪರ್ಧೆಗಳನ್ನು ಗೆದ್ದ. ಜನವರಿಯೊಳಗೆ ಒಟ್ಟು 7 ಗೆಲುವು. ಅಷ್ಟರಲ್ಲಿ ಆಸ್ಟ್ರಿಯಾದ ಕಿಟ್ಸ್‌ಬ್ಯೂಲ್‌ನಲ್ಲಿ ಬಿದ್ದು ಮೊಣಕಾಲಿನ ಅಸ್ಥಿಬಂಧ ಹರಿದುಕೊಂಡ. ಮತ್ತೆ ಮೊದಲಿನಿಂದ ಆರಂಭ. 2018ರಲ್ಲಿ ದಕ್ಷಿಣ ಕೊರಿಯಾದ ಒಲಿಂಪಿಕ್ಸ್‌ನಲ್ಲಿ ಡೌನ್‌ಹಿಲ್ ಚಿನ್ನ ಗೆದ್ದಾಗ ಅವನಿಗೆ 35 ವರ್ಷ. ಅಷ್ಟು ವಯಸ್ಸಿನಲ್ಲಿ ಆಲ್ಪೈನ್ ಸ್ಕೀಯಿಂಗ್ ಚಿನ್ನ ಗೆದ್ದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. 2019ರಲ್ಲಿ ಕೊನೆಯ ಸ್ಪರ್ಧೆಯಲ್ಲೂ ಬೆಳ್ಳಿ ಪಡೆದು ನಿವೃತ್ತನಾದ.

ಚಪ್ಪರದ ನೆರಳಿನಂತೆ

ಹರಿದ ರಜ್ಜಿನಲ್ಲಿ ಮೊದಲ ವಾರಗಳಲ್ಲಿ ಹುಟ್ಟುವ ಹೊಸ ಎಳೆಗಳು ಅಡ್ಡಾದಿಡ್ಡಿಯಾಗಿರುತ್ತವೆ. ಹದವಾದ ಭಾರ ಬೀಳುತ್ತ ಬಂದಂತೆ ಅವು ಎಳೆತದ ದಿಕ್ಕಿಗೆ ಸಾಲಾಗಿ ನಿಂತು ಗಟ್ಟಿಯಾಗುತ್ತವೆ. ಈ ಕೆಲಸ ವರ್ಷವಾದರೂ ನಡೆಯುತ್ತಲೇ ಇರುತ್ತದೆ. ಭಾರವೇ ಬೀಳದಿದ್ದರೆ ಬಲ ಬಾರದು; ಒಮ್ಮೆಲೇ ಬಿದ್ದರೆ ಮತ್ತೆ ಹರಿದೀತು. ಪಾತಿಯ ಕಾಫಿ ಸಸಿಗೆ ಚಪ್ಪರದ ನೆರಳನ್ನು ಹಂತಹಂತವಾಗಿ ತೆಗೆಯುವುದು ನಮಗೆಲ್ಲ ಗೊತ್ತಿದೆ. ಇಲ್ಲಿಯೂ ಅದೇ ಕ್ರಮ. ಮೊದಲು ಕುಳಿತು ಹಿಮ್ಮಡಿ ಎತ್ತುವುದು, ಬಳಿಕ ಎರಡು ಕಾಲಿನ ಮೇಲೆ ನಿಂತು, ಕೊನೆಗೆ ಒಂದೇ ಕಾಲಿನ ಮೇಲೆ. ಹಿಮಕ್ಕೆ ಮರಳುವವರಿಗೂ ಕ್ರಮ ಇದೇ: ಮೊದಲು ಒಂದೇ ಕಾಲಿನಲ್ಲಿ ಹಿಮ್ಮಡಿ ಎತ್ತುವ ಬಲ, ನಂತರ ಸುಲಭದ ಇಳಿಜಾರು, ಸ್ವಲ್ಪವೇ ಹೊತ್ತು, ದಣಿವಾಗುವ ಮುಂಚೆ ನಿಲುಗಡೆ. ಯಾವ ಹಂತ ಎಂದಿಗೆ ಎಂಬುದನ್ನು ವೈದ್ಯರೇ ಹೇಳಬೇಕು.

ಸದಸ್ಯರು ಗಮನದಲ್ಲಿಡಬೇಕಾದವು:

1. ಹಿಮ್ಮಡಿಯ ಹಿಂದೆ ಸದ್ದಾಗಿ, ಯಾರೋ ಒದ್ದಂತೆ ಅನ್ನಿಸಿದರೆ, ನಡೆಯಲು ಬಂದರೂ ಸರಿಯೇ, ಆ ದಿನವೇ ವೈದ್ಯರಲ್ಲಿಗೆ ಹೋಗಬೇಕು. ತಿಕ್ಕಿಸಬಾರದು.

2. ಸಿಪ್ರೊಫ್ಲಾಕ್ಸಸಿನ್, ಲಿವೊಫ್ಲಾಕ್ಸಸಿನ್ ಜಾತಿಯ ಮಾತ್ರೆಗಳು ರಜ್ಜು ಹರಿಯುವ ಅಪಾಯವನ್ನು ಹೆಚ್ಚಿಸುತ್ತವೆ. 60 ದಾಟಿದವರಿಗೆ, ಸ್ಟೀರಾಯ್ಡ್ ತೆಗೆದುಕೊಳ್ಳುವವರಿಗೆ ಇನ್ನೂ ಹೆಚ್ಚು. ಜ್ವರ, ಭೇದಿ ಎಂದು ಅಂಗಡಿಯಿಂದ ತಾವೇ ತಂದು ನುಂಗಬಾರದು.

3. ನೋವು ಹೋಯಿತೆಂದರೆ ಬಲ ಬಂತೆಂದು ಅರ್ಥವಲ್ಲ. ಒಳ್ಳೆಯ ಕಾಲಿನೊಂದಿಗೆ ಹೋಲಿಸಿ ಎಣಿಸಿ ನೋಡಬೇಕು.

ನನ್ನ ಲೆಕ್ಕವನ್ನೂ ಮುಚ್ಚಿಡುವುದಿಲ್ಲ. ಇಂದಿಗೆ ಬಲಗಾಲಿನಲ್ಲಿ ಹಿಮ್ಮಡಿ 25 ಸಲ ಎತ್ತಬಲ್ಲೆ, ಎಡಗಾಲಿನಲ್ಲಿ 11 ಸಲ. ತಡಮಾಡಿದ 12 ದಿನಗಳಿಗೂ ಆತುರದ ಆ ಒಂದು ಮಧ್ಯಾಹ್ನಕ್ಕೂ ಬಡ್ಡಿ ಕಟ್ಟುತ್ತಿದ್ದೇನೆ. ಮೇಲಿನ ಗುಡ್ಡದ ತುಂಡಿಗೆ ಈ ಕೊಯ್ಲಿಗೂ ನಾನು ಹತ್ತುವುದಿಲ್ಲ, ಮಗ ಹೋಗುತ್ತಾನೆ.

ನನ್ನ ಊರುಗೋಲು ಮತ್ತು ಬೂಟನ್ನು ತೊಳೆದು ಸಂಘದ ಕಚೇರಿಯ ಬೀರುವಿನಲ್ಲಿ ಇಟ್ಟಿದ್ದೇನೆ. ಅವಶ್ಯವಿರುವ ಸದಸ್ಯರು ವೈದ್ಯರನ್ನು ಕೇಳಿಕೊಂಡು ರುಜು ಹಾಕಿ ಒಯ್ಯಬಹುದು. ಬಾಡಿಗೆಯಿಲ್ಲ.