ಆಫೀಸಿನ ಮಾತು ಯಾರ ಫೋನಿನಲ್ಲಿದೆ?

ಹುಬ್ಬಳ್ಳಿಯ ಗೋಕುಲ ರೋಡಿನ ಆ ಆಫೀಸಿಗೆ ನಾನು ಹೋಗಿದ್ದು ಸೋಲಾರ್ ಪಂಪ್‌ಸೆಟ್ ಬಗ್ಗೆ ವಿಚಾರಿಸಲು. ಅಲ್ಲಿಂದ ಎದ್ದು ಬರುವಾಗ ಪಂಪ್‌ಸೆಟ್ ಮರೆತೇಹೋಗಿತ್ತು. ತಲೆಯಲ್ಲಿ ಉಳಿದದ್ದು ಅವರ ಕಂಪ್ಯೂಟರ್ ಪರದೆ. ಎಡಗಡೆ ‘ಕಲಘಟಗಿ’, ‘ಕುಂದಗೋಳ’, ‘ಶಿಗ್ಗಾವಿ’, ‘ಸ್ಟೋರ್’ ಎಂಬ ಚಾನೆಲ್‌ಗಳು. ಕಲಘಟಗಿಯನ್ನು ಒತ್ತಿದರೆ ಒಂದೊಂದು ಕಂಪ್ಲೇಂಟಿಗೂ ಒಂದೊಂದು ಟಾಪಿಕ್: ಊರು, ರೈತರ ಹೆಸರು, ಪಂಪಿನ ತೊಂದರೆ. ಒಂದನ್ನು ತೆರೆದೆ. ರೈತರು ಮೊದಲು ಫೋನ್ ಮಾಡಿದ ದಿನದಿಂದ ಕಂಟ್ರೋಲರ್ ಬದಲಾಯಿಸಿದ ದಿನದವರೆಗಿನ ಫೋಟೊ, ಬಿಲ್ಲು, ಹುಡುಗರ ವಾದ ಎಲ್ಲವೂ ಸಾಲಾಗಿ ಇತ್ತು. ಕೆಲಸ ಮುಗಿದ ಟಾಪಿಕ್ ಮುಂದೆ ಸರಿ ಗುರುತು. ಹತ್ತು ಜನರೂ ಇಲ್ಲದ ಸಂಸ್ಥೆಯೊಂದು ತನ್ನ ನೆನಪನ್ನು ಇಷ್ಟು ಅಚ್ಚುಕಟ್ಟಾಗಿ ಇಟ್ಟುಕೊಂಡಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆ ಆಪ್‌ನ ಹೆಸರು ಝುಲಿಪ್. ಅದಕ್ಕೂ ಮೊದಲು ಅಲ್ಲಿದ್ದದ್ದು ನಮ್ಮೆಲ್ಲರ ಆಫೀಸುಗಳಲ್ಲಿ ಇರುವುದೇ. “ಎಲ್ಲಾ ವಾಟ್ಸಾಪಿನ್ಯಾಗ ನಡೀತಿತ್ರೀ ಸರ. ಒಬ್ಬ ಹುಡುಗ ಕೆಲಸಾ ಬಿಟ್ಟು ಹೋದ. ಯಾವ ರೈತಗ ಏನ್ ಹೇಳಿದ್ವಿ, ಯಾರಿಗೆ ಎಷ್ಟು ರೇಟ್ ಕೊಟ್ಟಿದ್ವಿ, ಎಲ್ಲಾ ಅವನ ಫೋನಿನ ಜೋಡಿನ ಹೋತು” ಎಂದರು ಮಾಲೀಕರು.

ವಾಟ್ಸಾಪ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. 2016ರಿಂದ ಅದರಲ್ಲಿ ಸಂದೇಶ ಕಳಿಸಿದವರು ಮತ್ತು ಪಡೆದವರ ಫೋನಿನಲ್ಲಿ ಮಾತ್ರ ಓದುವಂತಿರುತ್ತದೆ, ನಡುವೆ ಯಾರಿಗೂ ಕಾಣದು. ಸ್ಲ್ಯಾಕ್, ಟೀಮ್ಸ್, ಝುಲಿಪ್‌ಗಳಂಥ ಆಫೀಸು ಚಾಟ್ ಆಪ್‌ಗಳಲ್ಲಿ ಸರ್ವರ್ ಯಾರ ಕೈಯಲ್ಲಿದೆಯೋ ಅವರಿಗೆ ಮಾತು ಸಿಗುತ್ತದೆ. ಆದರೆ ವಾಟ್ಸಾಪಿನ ಲೆಕ್ಕದಲ್ಲಿ ಮಾತು ವ್ಯಕ್ತಿಯ ನಂಬರಿಗೆ ಸೇರಿದ್ದು, ಸಂಸ್ಥೆಗಲ್ಲ. ಗ್ರೂಪಿನಿಂದ ತೆಗೆದುಹಾಕಿದರೂ ಆತನ ಫೋನಿನಲ್ಲಿದ್ದದ್ದು ಅಲ್ಲೇ ಉಳಿಯುತ್ತದೆ. ರೈತರ ಆಧಾರ್, ಪಹಣಿ ಫೋಟೊಗಳೂ ಅದರಲ್ಲಿ ಸೇರಿರುತ್ತವೆ. ಹೊಸದಾಗಿ ಸೇರಿದವನಿಗೋ ಹಿಂದಿನ ಮಾತುಕತೆ ಪೂರ್ತಿ ಸಿಗುವುದಿಲ್ಲ. ಇದು ಸಣ್ಣ ಊರಿನ ಸಮಸ್ಯೆಯೂ ಅಲ್ಲ. ನೌಕರರು ಖಾಸಗಿ ಫೋನಿನ ಮೆಸೇಜುಗಳಲ್ಲಿ ವ್ಯವಹಾರ ಮಾತಾಡಿಕೊಂಡರು, ಅದರ ದಾಖಲೆ ಇಡಲಿಲ್ಲ ಎಂಬ ಕಾರಣಕ್ಕೆ ಅಮೆರಿಕದ ಷೇರುಪೇಟೆ ನಿಯಂತ್ರಕ ಎಸ್‌ಇಸಿ 2022ರ ಸೆಪ್ಟೆಂಬರಿನಲ್ಲಿ 16 ಹಣಕಾಸು ಸಂಸ್ಥೆಗಳಿಗೆ ಒಟ್ಟು 110 ಕೋಟಿ ಡಾಲರಿಗೂ ಹೆಚ್ಚು ದಂಡ ಹಾಕಿತು.

ಈ ಆಪ್‌ಗಳ ಚರಿತ್ರೆ ಕೆದಕಿದಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಅವುಗಳ ಹುಟ್ಟು. ಇವುಗಳಲ್ಲಿ ಎಷ್ಟೋ ಹುಟ್ಟಿದ್ದು ವಿಡಿಯೊ ಗೇಮ್ ಕಂಪನಿಗಳಲ್ಲಿ! ಸ್ಟೀವರ್ಟ್ ಬಟರ್‌ಫೀಲ್ಡ್ ಮತ್ತು ಸಂಗಡಿಗರು ‘ಗ್ಲಿಚ್’ ಎಂಬ ಆನ್‌ಲೈನ್ ಆಟ ಕಟ್ಟುತ್ತಿದ್ದರು. ಆಟ 2012ರ ಡಿಸೆಂಬರಿನಲ್ಲಿ ಮುಚ್ಚಿತು. ಬೇರೆ ಬೇರೆ ಊರಿನಲ್ಲಿದ್ದ ತಮ್ಮ ತಂಡ ಮಾತಾಡಿಕೊಳ್ಳಲೆಂದು ಮಾಡಿಕೊಂಡಿದ್ದ ಸಲಕರಣೆಯೊಂದು ಉಳಿಯಿತು. ಅದೇ 2014ರಲ್ಲಿ ಎಲ್ಲರಿಗೂ ತೆರೆದುಕೊಂಡ ಸ್ಲ್ಯಾಕ್. 2021ರಲ್ಲಿ ಸೇಲ್ಸ್‌ಫೋರ್ಸ್ ಅದನ್ನು ಸುಮಾರು 2,770 ಕೋಟಿ ಡಾಲರಿಗೆ ಕೊಂಡಿತು. ಇದೇ ಬಟರ್‌ಫೀಲ್ಡ್ ಹಿಂದೊಮ್ಮೆ ಮಾಡಹೊರಟ ಇನ್ನೊಂದು ಆಟದಿಂದ ಹೊರಬಂದದ್ದು ಫೋಟೊ ತಾಣ ಫ್ಲಿಕರ್. ‘ಫೇಟ್ಸ್ ಫಾರೆವರ್’ ಎಂಬ ಆಟ ಗೆಲ್ಲದೆ ಹೋದಾಗ ಜೇಸನ್ ಸಿಟ್ರನ್ ತಂಡ 2015ರಲ್ಲಿ ಡಿಸ್ಕಾರ್ಡ್ ತಂದಿತು. ಅದೇ ವರ್ಷ ಸ್ಪಿನ್‌ಪಂಚ್ ಎಂಬ ಗೇಮ್ ಕಂಪನಿಯಿಂದ ಮ್ಯಾಟರ್‌ಮೋಸ್ಟ್ ಬಂತು. ತಾವು ಬಳಸುತ್ತಿದ್ದ ಚಾಟ್ ಸೇವೆಯಿಂದ ತಮ್ಮದೇ ಮಾತುಗಳನ್ನು ಹೊರತೆಗೆಯಲಾಗದೆ ಬೇಸತ್ತು ಅವರೇ ಒಂದನ್ನು ಕಟ್ಟಿಕೊಂಡಿದ್ದರು. ಚಿತ್ರ ಬರೆಯುವವರು, ಕೋಡ್ ಬರೆಯುವವರು, ಸಂಗೀತದವರು ಹಗಲುರಾತ್ರಿ ಒಂದೇ ವಸ್ತುವಿನ ಮೇಲೆ ಕೈಯಿಡುವ ಕೆಲಸ ಗೇಮ್ ತಯಾರಿಕೆ. ಅಲ್ಲಿ ಮಾತು ಕಳೆದುಹೋದರೆ ಆಟವೇ ನಿಲ್ಲುತ್ತದೆ. ತಮ್ಮ ಉಪಯೋಗಕ್ಕೆಂದು ಮಾಡಿಕೊಂಡ ಸಲಕರಣೆಗಳಾದ್ದರಿಂದಲೇ ಇವಕ್ಕೆ ಆ ಹದ ಬಂದಿತೆಂದು ನನ್ನ ನಂಬಿಕೆ. ಆಟಗಳನ್ನು ಈಗ ನೆನೆಯುವವರು ಕಡಿಮೆ. ಅವುಗಳ ಹಿತ್ತಲ ಮಾತುಕತೆ ಜಗತ್ತಿನ ಆಫೀಸುಗಳನ್ನು ಆಳುತ್ತಿದೆ.

ಝುಲಿಪ್‌ನ ಮೂಲ ಇನ್ನೂ ಹಳೆಯದು. ಚಾನೆಲ್ ಒಳಗೆ ಟಾಪಿಕ್ ಎಂಬ ಎರಡನೇ ಮೆಟ್ಟಿಲನ್ನು ಅದರ ಕರ್ತೃಗಳು ಕಲಿತದ್ದು ಅಮೆರಿಕದ ಎಂಐಟಿಯಲ್ಲಿ 1980ರ ದಶಕದಿಂದ ಬಳಕೆಯಲ್ಲಿದ್ದ ಝೆಫಿರ್ ಎಂಬ ಸಂದೇಶ ವ್ಯವಸ್ಥೆಯಿಂದ. ಝುಲಿಪ್ 2012ರಲ್ಲಿ ಶುರುವಾಗಿ, 2014ರಲ್ಲಿ ಡ್ರಾಪ್‌ಬಾಕ್ಸ್ ಪಾಲಾಗಿ, 2015ರಲ್ಲಿ ಮುಕ್ತ ತಂತ್ರಾಂಶವಾಯಿತು. ಹುಬ್ಬಳ್ಳಿಯವರಿಗೆ ಅದು ಸಿಕ್ಕಿದ್ದು ಹೀಗೇ: ಲಿನಕ್ಸ್ ಬಲ್ಲ ಮಾಲೀಕರ ಸೋದರಳಿಯ ಬಾಡಿಗೆ ಸರ್ವರಿನಲ್ಲಿ ಅದನ್ನು ಕೂರಿಸಿದ.

“ಮಾಮಾ, ಸ್ಲ್ಯಾಕ್ ಫುಕಟ್ ಇರೋದು ತೊಂಬತ್ತು ದಿನದ ಮಾತಿಗಷ್ಟ” ಎಂದು ಮೊದಲು ತಡೆದದ್ದೂ ಅವನೇ. ನಿಜ. ಸ್ಲ್ಯಾಕ್‌ನ ಉಚಿತ ಯೋಜನೆಯಲ್ಲಿ ಕಾಣುವುದು 90 ದಿನಗಳ ಮಾತು. ವರ್ಷ ದಾಟಿದ್ದು ಅಳಿಸಿಯೇ ಹೋಗುತ್ತದೆ. ಮುಂಗಾರಿನಲ್ಲಿ ಕೆಟ್ಟ ಪಂಪು ಬೇಸಿಗೆಯಲ್ಲಿ ಮತ್ತೆ ಕೆಟ್ಟರೆ ಹಿಂದಿನ ರಿಪೇರಿ ಯಾರಿಗೂ ಸಿಗದು. ದುಡ್ಡು ಕೊಟ್ಟರೆ ಸ್ಲ್ಯಾಕ್ ಸೊಗಸಾದ ಸಲಕರಣೆ, ಅದರಲ್ಲಿ ಅನುಮಾನವಿಲ್ಲ. ಮೈಕ್ರೋಸಾಫ್ಟ್ ಟೀಮ್ಸ್ ಬಗ್ಗೆ ನನಗೆ ಅಷ್ಟು ಒಲವಿಲ್ಲ. ಬಹಳ ಕಡೆ ಅದನ್ನು ಯಾರೂ ಆರಿಸಿಕೊಂಡಿರುವುದಿಲ್ಲ, ಆಫೀಸ್ ತಂತ್ರಾಂಶದ ಜೊತೆ ತಾನಾಗಿ ಬಂದಿರುತ್ತದೆ. ಇದರ ಮೇಲೆ ಸ್ಲ್ಯಾಕ್ 2020ರಲ್ಲಿ ಯುರೋಪಿಯನ್ ಆಯೋಗಕ್ಕೆ ದೂರು ಕೊಟ್ಟಿತ್ತು. ಟೀಮ್ಸ್ ಇಲ್ಲದ ಆಫೀಸನ್ನು ಕಡಿಮೆ ಬೆಲೆಗೆ ಮಾರುತ್ತೇವೆಂಬ ಮೈಕ್ರೋಸಾಫ್ಟ್ ವಾಗ್ದಾನವನ್ನು ಆಯೋಗ ಒಪ್ಪಿದ್ದು 2025ರಲ್ಲಿ.

ಸ್ವಂತ ಸರ್ವರ್ ಎಂದರೆ ಪೂರ್ತಿ ಸ್ವತಂತ್ರ ಎಂದೇನೂ ಅಲ್ಲ. ಆಂಡ್ರಾಯ್ಡ್, ಐಫೋನುಗಳಲ್ಲಿ ಟಣ್ ಎಂದು ಬರುವ ನೋಟಿಫಿಕೇಶನ್ ಆಪ್ ತಯಾರಕರಿಂದ ಗೂಗಲ್ ಅಥವಾ ಆ್ಯಪಲ್ ದಾರಿಯಾಗಿಯೇ ಬರಬೇಕು. ಹಾಗಾಗಿ ಝುಲಿಪ್ ಆ ಸೇವೆಯನ್ನು ಹತ್ತು ಜನರವರೆಗೆ ಉಚಿತವಾಗಿ ಕೊಟ್ಟು, ಅದಕ್ಕಿಂತ ದೊಡ್ಡ ಸಂಸ್ಥೆಗಳಿಂದ ಸಾಮಾನ್ಯವಾಗಿ ತಲೆಗಿಷ್ಟು ಎಂದು ಶುಲ್ಕ ಪಡೆಯುತ್ತದೆ. ಬ್ಯಾಕಪ್ ಹೊಣೆಯೂ ನಮ್ಮದೇ. ಸೋದರಳಿಯನಂಥ ಒಬ್ಬರು ಇಲ್ಲದ ಆಫೀಸು ಈ ದಾರಿ ಹಿಡಿಯದಿರುವುದೇ ವಾಸಿ. ಚೆನ್ನೈ ಮೂಲದ ಝೋಹೊದ ಕ್ಲಿಕ್ ಥರದ್ದನ್ನು ನೋಡಬಹುದು. ಯಾವುದನ್ನೇ ಆರಿಸಿ, ಸೇರುವ ಮುನ್ನ ಒಂದನ್ನು ಪರೀಕ್ಷಿಸಿ: ಎಲ್ಲ ಮಾತನ್ನೂ ಒಂದು ಫೈಲಿನಲ್ಲಿ ಹೊರತೆಗೆಯಲು ಆಗುತ್ತದೆಯೇ? ಒಂದು ಕಾಲದಲ್ಲಿ ಹೆಸರಾಗಿದ್ದ ಹಿಪ್‌ಚಾಟ್ 2019ರಲ್ಲಿ ಮುಚ್ಚಿದಾಗ ಅದನ್ನು ನಂಬಿದ್ದ ಆಫೀಸುಗಳೆಲ್ಲ ಗಂಟುಮೂಟೆ ಕಟ್ಟಬೇಕಾಯಿತು.

ಗೋಕುಲ ರೋಡಿನಲ್ಲಿ ಈಗ ಉಳಿದಿರುವ ತಕರಾರು ಒಂದೇ, ಅದು ವಾಯ್ಸ್ ನೋಟ್. ಕೈಗೆಲ್ಲ ಗ್ರೀಸ್ ಮೆತ್ತಿಕೊಂಡು ಹೊಲದಲ್ಲಿ ನಿಂತ ಹುಡುಗ ಟೈಪ್ ಮಾಡುವುದಿಲ್ಲ. ಬಾಯಲ್ಲಿ ಹೇಳಿ ಕಳಿಸುತ್ತಾನೆ, ಆ ಮಾತು ಹುಡುಕಿದರೆ ಸಿಗುವುದಿಲ್ಲ. ಸದ್ಯಕ್ಕೆ ಎಲ್ಲರೂ ‘ಅಕ್ಕಾರ’ ಎಂದು ಕರೆಯುವ, ಸರ್ವಿಸ್ ನೋಡಿಕೊಳ್ಳುವ ಹೆಣ್ಣುಮಗಳು ಪ್ರತಿಯೊಂದನ್ನೂ ಕೇಳಿ ಅದೇ ಟಾಪಿಕ್ ಕೆಳಗೆ ಎರಡು ಸಾಲು ಬರೆದಿಡುತ್ತಾರೆ. ರೈತರು ವಾಟ್ಸಾಪಿನಲ್ಲಿ ಕಳಿಸಿದ ಫೋಟೊಗಳೂ ಆಫೀಸಿನ ಫೋನಿನಿಂದ ಅವರ ಕೈದಾಟಿ ಅಲ್ಲಿಗೆ ಸೇರುತ್ತವೆ. ಮದ್ರಾಸ್ ಐಐಟಿಯ ಎಐ4ಭಾರತ್ ಮುಕ್ತವಾಗಿ ಕೊಟ್ಟಿರುವ, ಕನ್ನಡ ಮಾತನ್ನು ಅಕ್ಷರಕ್ಕಿಳಿಸುವ ಮಾದರಿಯನ್ನು ಇದೇ ಸರ್ವರಿಗೆ ಜೋಡಿಸಲು ಸೋದರಳಿಯ ಈಗ ಕೂತಿದ್ದಾನೆ. ಕಲಘಟಗಿ ಹುಡುಗರ ಧಾರವಾಡ ಕನ್ನಡ ಅದಕ್ಕೆ ಎಷ್ಟು ಅರ್ಥವಾಗುತ್ತದೆಂದು ನೋಡಲು ನಾನು ಮತ್ತೊಮ್ಮೆ ಹೋಗುವವನಿದ್ದೇನೆ.