ಗುಬ್ಬಿಯ ಕೇಳುಗರು, ಕುಣಿಗಲ್ಲಿನ ಕುದುರೆಗಳು

2004ರಲ್ಲಿ ಶುರುವಾದ ತುಮಕೂರು ವಿಶ್ವವಿದ್ಯಾನಿಲಯದಲ್ಲಾಗಲಿ, ಬೇರೆಲ್ಲೇ ಆಗಲಿ, ಸಾಹಿತ್ಯದಲ್ಲಿ ಪಿಎಚ್.ಡಿ.ಗೆ ಮಾನವೋತ್ತರ ಚಿಂತನೆ ಆರಿಸಿಕೊಂಡವರು ಮೊದಲು ತೆಗೆಯುವ ಬರಹಗಳು ಹೆಚ್ಚುಕಡಿಮೆ ಅವೇ: ಡೊನ್ನಾ ಹ್ಯಾರವೇ 1985ರಲ್ಲಿ ಬರೆದ ಸೈಬಾರ್ಗ್ ಪ್ರಣಾಳಿಕೆ, ರೋಸಿ ಬ್ರೈಡೊಟ್ಟಿಯವರ 2013ರ ಕೃತಿ. ಮನುಷ್ಯ ಒಂಟಿಯಾಗಿ ಮನುಷ್ಯನಾಗಿಲ್ಲ. ಪ್ರಾಣಿ, ಯಂತ್ರ, ನೆಲ, ನೀರು ಎಲ್ಲ ಸೇರಿ ಅವನನ್ನು ಮಾಡಿವೆ ಎಂಬುದು ಇವುಗಳ ವಾದ. ಕನ್ನಡದಲ್ಲಿ ತೇಜಸ್ವಿಯವರ ‘ಕರ್ವಾಲೊ’ ಆ ಸಾಲಿಗೆ ಸೇರುತ್ತದೆ. ಇಷ್ಟು ಓದಿಕೊಂಡು ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಗುಬ್ಬಿ ಬಸ್ ಹತ್ತಬೇಕು.

ಗುಬ್ಬಿಯ ಗೋಸಲ ಚನ್ನಬಸವೇಶ್ವರ ದೇವಸ್ಥಾನದ ಸುತ್ತ ಒಂದು ಕಥೆ ಉಳಿದಿದೆ. ಪುರಾಣ ನಡೆಯುವಾಗ ಜೋಡಿ ಗುಬ್ಬಿಗಳು ಬಂದು ಕೂತು ಕೇಳುತ್ತಿದ್ದವಂತೆ; ಪುರಾಣ ಮುಗಿದ ದಿನ ಪ್ರಾಣ ಬಿಟ್ಟವಂತೆ. ಇದನ್ನು ಭಕ್ತಿಯ ಪವಾಡವೆಂದು ಪಕ್ಕಕ್ಕಿಡುವುದು ಸುಲಭ. ನನಗೆ ಕಾಣುವುದು ಬೇರೆ: ಇಲ್ಲಿ ಹಕ್ಕಿ ಯಾವುದರ ಸಂಕೇತವೂ ಅಲ್ಲ, ಸಭೆಯಲ್ಲಿ ಜಾಗ ಪಡೆದ ಕೇಳುಗ. ಇದೇ ಊರಿನ ಹೆಸರು ಹೊತ್ತ ನಾಟಕ ಕಂಪನಿ 1884ರಲ್ಲಿ ಹುಟ್ಟಿತು. ಮುಂದೆ ಗುಬ್ಬಿ ವೀರಣ್ಣನವರು ‘ಕುರುಕ್ಷೇತ್ರ’ ಆಡಿಸಿದಾಗ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದರು. ಆನೆ ಹೆಜ್ಜೆ ಕಿತ್ತಿಡದೆ ನಿಂತರೆ ಕೌರವರ ದಂಡೂ ನಿಂತಂತೆಯೇ. ಹಾಗಿದ್ದ ಮೇಲೆ ಆ ನಾಟಕದ ಪಾತ್ರಧಾರಿಗಳ ಪಟ್ಟಿ ಎಲ್ಲಿಗೆ ಮುಗಿಯುತ್ತದೆ? ಈ ಒಂದು ಪ್ರಶ್ನೆಯೇ ಪ್ರಬಂಧದ ಒಂದು ಅಧ್ಯಾಯವಾಗಬಲ್ಲದು. ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಯೂ ಉದ್ಘಾಟನೆಯಾಗಿದೆ. ಯಂತ್ರದ ಅಧ್ಯಾಯಕ್ಕೂ ದೂರ ಹೋಗಬೇಕಿಲ್ಲ.

ಇದೇ ಜಿಲ್ಲೆಯ ಕುಣಿಗಲ್ ಎಂದರೆ ಜನಪದ ಹಾಡಿನಿಂದ ನಾಡಿಗೆಲ್ಲ ಗೊತ್ತಿರುವ ಕೆರೆ. ಅದರಷ್ಟೇ ಹೆಸರಾದದ್ದು ಇಲ್ಲಿನ ಕುದುರೆ ಫಾರಂ. ಟಿಪ್ಪುವಿನ ಅಶ್ವದಳಕ್ಕೆ ಕುದುರೆ ಸಾಕಿದ ಜಾಗ, ಆಮೇಲೆ ಬ್ರಿಟಿಷರದ್ದಾಯಿತು, ಕೊನೆಗೆ ರೇಸ್ ಕುದುರೆಗಳದ್ದು. ಥರೋಬ್ರೆಡ್ ತಳಿಯ ಮರಿ ಹುಟ್ಟಿದರೆ ಅದರ ಅಪ್ಪ ಯಾರು, ಅವ್ವ ಯಾರು, ಬೆಳೆಸಿದ ಫಾರಂ ಯಾವುದು ಎಂಬುದೆಲ್ಲ ವಂಶಾವಳಿಯ ಪುಸ್ತಕದಲ್ಲಿ ದಾಖಲಾಗುತ್ತದೆ. ಆ ಮರಿಯ ಮೈ ತಿಕ್ಕಿ, ಲಾಯ ಬಳಿದು, ರಾತ್ರಿ ಕಾದ ಆಳಿನ ಹೆಸರಿಗೆ ಅದರಲ್ಲಿ ಜಾಗವಿಲ್ಲ. ಮನುಷ್ಯನನ್ನು ನಡುವಿನಿಂದ ಸರಿಸಬೇಕೆನ್ನುವ ಸಿದ್ಧಾಂತಕ್ಕೆ ಕುಣಿಗಲ್ಲಿನಲ್ಲಿ ನಿಂತು ಕೇಳಬೇಕಾದ್ದು ಇದನ್ನೇ: ಆ ಆಳು ನಡುವಿನಲ್ಲಿ ಇದ್ದದ್ದಾದರೂ ಯಾವಾಗ?